ಮಳೆ ಬಂದಾಗ ಮಾತ್ರ ಮರ ಮುಟ್ಟಿದ್ರೆ ಜುಮ್ ಅನ್ನುತ್ತೆ, ಆದ್ರೆ ಏನೂ ಟ್ರಿಪ್ ಆಗ್ತಿಲ್ಲ

ಹಸಿಕೊಂಬೆ:
ನಮಸ್ಕಾರ. ಕಂಬದಿಂದ ಮನೆಗೆ ಬರೋ ಸರ್ವೀಸ್ ವೈರು ಅಂಗಳದ ಮರದ ಕೊಂಬೆಗಳ ಮಧ್ಯೆ ತೂರ್ಕೊಂಡು ಬರುತ್ತೆ, ಎಷ್ಟೋ ವರ್ಷದಿಂದ ಹಂಗೇ ಇದೆ. ಮೊನ್ನೆ ಮಳೆ ನಿಂತ್ಮೇಲೆ ಬರಿಗಾಲಲ್ಲಿ ಹೋಗಿ ಬೊಡ್ಡೆಗೆ ಕೈ ಊರಿದೆ, ಇರುವೆ ಹರಿದಂಗೆ ಜುಮ್ ಅಂತು. ಚಪ್ಪಲಿ ಹಾಕ್ಕೊಂಡ್ರೆ ಏನಿಲ್ಲ. ಟೆಸ್ಟರ್ ಇಟ್ರೆ ಮಿಣಮಿಣ ಅನ್ನುತ್ತೆ, ಬಿಸಿಲಿದ್ದ ದಿನ ಅದೂ ಇಲ್ಲ. ಮನೇಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟು ಅಷ್ಟು ಲೀಕಾದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇದೆ, ಮಿಸುಕಾಡ್ಲಿಲ್ಲ. ಕೆಟ್ಟೋಗಿದ್ಯಾ?

ಟೆಸ್ಟರ್‌ಬಾಬು:
ಟೆಸ್ಟರ್ ನಂಬ್ಬೇಡಿ, ಲೈನ್ ಹತ್ರ ಇದ್ರೆ ಸುಮ್ನೆ ಇಂಡಕ್ಷನ್‌ಗೂ (ವೈರು ತಾಗದೇನೇ ಬರೋ ವೋಲ್ಟೇಜಿಗೂ) ಉರಿಯುತ್ತೆ. ಮೇನ್ ಆಫ್ ಮಾಡಿ, ಬಿದಿರು ಕೋಲಿಗೆ ಕುಡುಗೋಲು ಕಟ್ಟಿ ಕೊಂಬೆ ಕಡಿದುಬಿಡಿ, ಮುಗೀತು.

ಹಳೇಫ್ಯೂಸ್:
ಬಾಬು, ದಯವಿಟ್ಟು ಇಂಥ ಸಲಹೆ ಕೊಡ್ಬೇಡಿ. ಸರ್ವೀಸ್ ವೈರು ಮೇನ್‌ಗಿಂತ ಮುಂಚೆ ಇರೋದು, ಮನೆ ಪೂರ್ತಿ ಕತ್ತಲೆ ಮಾಡಿದ್ರೂ ಮರದ ಮೇಲಿನ ವೈರಲ್ಲಿ ಕರೆಂಟು ಇದ್ದೇ ಇರುತ್ತೆ. ಆರ್‌ಸಿಸಿಬಿ ಕೆಟ್ಟಿಲ್ಲ, ತನ್ನ ಮೂಲಕ ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ ನೋಡೋದಷ್ಟೇ ಅದರ ಕೆಲ್ಸ, ನಿಮ್ಮ ಲೀಕು ಅದರ ತನಕ ಬರೋದೇ ಇಲ್ಲ. ಮೀಟರಿಗೂ ಗೊತ್ತಾಗಲ್ಲ.

ಇನ್ನು ಟ್ರಾನ್ಸ್‌ಫಾರ್ಮರ್ ಫ್ಯೂಸ್ ಯಾಕೆ ಹೋಗ್ಲಿಲ್ಲ ಅಂದ್ರೆ, ಹಸಿಮರ ಒಂದು ದೊಡ್ಡ ರೆಸಿಸ್ಟರ್ ಇದ್ದಂಗೆ, ಕರೆಂಟನ್ನ ತಡೆದು ಸ್ವಲ್ಪವೇ ಬಿಡುತ್ತೆ. 20 ಕಿಲೋ ಓಮ್ ಅಂತಿಟ್ಕೊಳ್ಳಿ, 230 ವೋಲ್ಟಿಗೆ ಹರಿಯೋದು 11.5 ಮಿಲಿ ಆಂಪ್. ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಆದ್ರೆ ಮನುಷ್ಯನ ಮೂಲಕ ಅಷ್ಟು ಹರಿದ್ರೆ ಹಿಡ್ಕೊಂಡಿದ್ದನ್ನ ಬಿಡೋಕಾಗದಂಗೆ ಕೈ ಬಿಗಿಯಬಹುದು. ನಿಮಗೆ ಬರೀ ಜುಮ್ ಅಂದಿದ್ದಕ್ಕೆ ಕಾರಣ ನೀವು ಬುಡದಲ್ಲಿ ಮುಟ್ಟಿದ್ದು, ವೋಲ್ಟೇಜು ವೈರಿಂದ ಬೇರಿನ ತನಕ ಸ್ವಲ್ಪಸ್ವಲ್ಪವೇ ಕಮ್ಮಿಯಾಗ್ತಾ ಬರುತ್ತೆ, ಅಂದ್ರೆ ಮರ ಹತ್ತಿದಷ್ಟೂ ಅಪಾಯ ಜಾಸ್ತಿ. ಮಳೇಲಿ ತೊಗಟೆ ಮೇಲೆ ನೀರು ಹರಿಯೋದ್ರಿಂದ ಕರೆಂಟಿಗೆ ಇನ್ನೊಂದು ದಾರಿ ಸಿಗುತ್ತೆ.

ಇದೇ 11 ಕೆವಿ ಲೈನಾಗಿದ್ರೆ ನಾವಿಲ್ಲಿ ಮಾತಾಡ್ತಾ ಇರ್ತಿರ್ಲಿಲ್ಲ. 11 ಕೆವಿ, ಅಂದ್ರೆ 11,000 ವೋಲ್ಟ್, ಎರಡು ಫೇಸ್ ವೈರುಗಳ ಮಧ್ಯೆ ಇರೋದು; ಒಂದು ಫೇಸಿಂದ ಭೂಮಿಗೆ ಸುಮಾರು 6,350 ವೋಲ್ಟ್, ಮರ 50 ಕಿಲೋ ಓಮ್ ಇದ್ರೂ 127 ಮಿಲಿ ಆಂಪ್, ಮರದೊಳಗೆ 800 ವಾಟ್ ಬಿಸಿ, ಒಂದು ಇಸ್ತ್ರಿಪೆಟ್ಟಿ ಇಟ್ಟಂಗೆ. ಅದಕ್ಕೂ ಸಬ್‌ಸ್ಟೇಷನ್ ಟ್ರಿಪ್ ಆಗದೇ ಇರಬಹುದು.

ಮರದ ಹತ್ರ ಮಕ್ಕಳು, ದನಕರು ಯಾರನ್ನೂ ಬಿಡ್ಬೇಡಿ. ಮೀಟರ್ ಹಿಡ್ಕೊಂಡು ಅಳೆಯೋಕೂ ಹೋಗ್ಬೇಡಿ. ಕರೆಂಟ್ ಆಫೀಸಿಗೆ ಫೋನ್ ಮಾಡಿ, "ಕೊಂಬೆ ತಾಗಿದೆ" ಅಂದ್ರೆ ನಾಳೆ ಬರ್ತಾರೆ, "ಮರ ಶಾಕ್ ಹೊಡೀತಿದೆ" ಅನ್ನಿ.

ಹಸಿಕೊಂಬೆ:
ಅಪ್‌ಡೇಟ್. ಹಂಗೇ ಹೇಳ್ದೆ, ಒಂದೂವರೆ ಗಂಟೇಲಿ ಬಂದ್ರು! ಲೈನ್‌ಮ್ಯಾನ್ ಕಂಬದಲ್ಲೇ ಸಪ್ಲೈ ಬಿಚ್ಚಿ ಆಮೇಲೆ ಕೊಂಬೆ ತೆಗೆದ್ರು. ಗಾಳಿಗೆ ಉಜ್ಜಿ ಉಜ್ಜಿ ಎರಡು ಬೆರಳಗಲ ಇನ್ಸುಲೇಷನ್ ಹೋಗಿ ಒಳಗಿನ ಅಲ್ಯೂಮಿನಿಯಂ ಕಾಣ್ತಿತ್ತು, ಕೊಂಬೆ ಮೇಲೆ ಸುಟ್ಟ ಕರಿ ಗೆರೆ. ವೈರೇ ಬದಲಾಯಿಸ್ಬೇಕಂತೆ. ಇನ್ನೊಂದು ಹೇಳೋಕೆ ಮರ್ತಿದ್ದೆ, ಬಟ್ಟೆ ಒಣಗಿಸೋ ಕಬ್ಬಿಣದ ತಂತಿ ಅದೇ ಮರಕ್ಕೆ ಕಟ್ಟಿದ್ವಿ, ಎದೆಯೆತ್ತರಕ್ಕೆ.

ಹಳೇಫ್ಯೂಸ್:
ಅದನ್ನ ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಸರ್ವೀಸ್ ವೈರ್ ಬದಲಾದ್ಮೇಲೆ ಆ ತಂತಿ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ಅಲ್ಲಿ ತನಕ ಬಟ್ಟೆ ಒಳಗೇ ಒಣಗ್ಲಿ.