ಸೆಕೆಂಡ್ ಹ್ಯಾಂಡ್ ಕ್ರಿಸ್ಟಾ ಆಟೊಮ್ಯಾಟಿಕ್: ರಿವರ್ಸ್ ಹಿಡಿಯುವುದು ತಡ, 60ರಲ್ಲಿ ನಡುಕ. ತಗೊಳ್ಳಬಹುದಾ?

ವಿಜಯನಗರದವ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಏಳು ಜನ ಇದ್ದೇವೆ. ಗಾಡಿ ಜಾಸ್ತಿ ಓಡಿಸುವುದು ಅಪ್ಪ, ಅವರಿಗೆ ಮಂಡಿ ನೋವು. ಹಾಗಾಗಿ ಕ್ಲಚ್ ಇಲ್ಲದ ಗಾಡಿಯೇ ಬೇಕು. 2017ರ ಇನ್ನೋವಾ ಕ್ರಿಸ್ಟಾ 2.8 ಆಟೊಮ್ಯಾಟಿಕ್ ಒಂದು ನೋಡಿದ್ದೇನೆ. ಕೆಎ 03, ಎರಡನೇ ಓನರ್, ಮೀಟರ್‌ನಲ್ಲಿ 1,12,000 ಕಿ.ಮೀ. ಬಾಡಿ, ಎಸಿ, ಸೀಟು ಎಲ್ಲ ಚೆನ್ನಾಗಿದೆ.

ಎರಡು ವಿಷಯ ಮಾತ್ರ ತಲೆ ಕೊರೆಯುತ್ತಿದೆ. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದರೆ ಗಾಡಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ದಡ್ ಅಂತ ಹಿಡಿಯುತ್ತದೆ. ಇನ್ನೊಂದು, ನೈಸ್ ರಸ್ತೆಯಲ್ಲಿ 60-65ರಲ್ಲಿ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ಹೋಗುವಾಗ, ರಸ್ತೆಗೆ ಅಡ್ಡಪಟ್ಟಿ ಹಾಕಿರುವ ಕಡೆ ಹೋದ ಹಾಗೆ ನಡುಕ. ಓನರ್ "ಎಂಜಿನ್ ಮೌಂಟ್ ಸಾರ್, ಬದಲಾಯಿಸಿದರೆ ಮುಗೀತು" ಅನ್ನುತ್ತಾರೆ, ಅಂದರೆ ಎಂಜಿನ್ ಕೂರಿಸಿರುವ ರಬ್ಬರ್. ನಂಬಬಹುದಾ?

ಬಿಳಿ ಬೋರ್ಡ್:
ಗುರು, ಇನ್ನೋವಾ ಅಂದ್ರೆ ಇನ್ನೋವಾ. ನಮ್ಮ ಬಿಡದಿಯಲ್ಲೇ ತಯಾರಾಗಿದ್ದು. ಏರ್‌ಪೋರ್ಟ್ ಟ್ಯಾಕ್ಸಿಗಳು ಮೂರು ಲಕ್ಷ, ನಾಲ್ಕು ಲಕ್ಷ ಓಡಿ ಇನ್ನೂ ಓಡುತ್ತಿವೆ. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಎರಡನೇ ಗೇರ್:
ಕಣ್ಣು ಬಿಟ್ಟುಕೊಂಡೇ ತಗೊಳ್ಳಿ ಸರ್. ಟ್ಯಾಕ್ಸಿಯಾಗಿ ಓಡುವ ಇನ್ನೋವಾಗಳಲ್ಲಿ ಹೆಚ್ಚಿನವು ಮ್ಯಾನುಯಲ್. 2016ರಲ್ಲಿ ಕ್ರಿಸ್ಟಾ ಬಂದಾಗ 2.4 ಡೀಸೆಲ್‌ಗೆ 5 ಗೇರಿನ ಮ್ಯಾನುಯಲ್, 2.8ಕ್ಕೆ 6 ಗೇರಿನ ಆಟೊಮ್ಯಾಟಿಕ್ ಕೊಟ್ಟಿದ್ದರು. ಎರಡೂ ಬೇರೆ ಬೇರೆ ಡಬ್ಬ (ಗೇರ್‌ಬಾಕ್ಸ್). ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಇಲ್ಲಿ ಮಾಮೂಲು.

ಆಟೊಮ್ಯಾಟಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಅದೇ ಇದೆ. ಆದರೆ ಆ ಡಬ್ಬದ ಆಯಸ್ಸು ನಿಂತಿರುವುದು ಅದರೊಳಗಿನ ಆಯಿಲ್ ಮೇಲೆ. ಗೇರ್ ಹಿಡಿಯುವುದು ಆಯಿಲ್‌ನ ಒತ್ತಡದಿಂದ. ಆಯಿಲ್ ಕಡಿಮೆ ಇದ್ದರೆ, ಒಳಗಿನ ಸೀಲು ಗಟ್ಟಿಯಾಗಿದ್ದರೆ, ಒತ್ತಡ ಏರುವುದಕ್ಕೆ ತಡವಾಗುತ್ತದೆ. ನೀವು ಹೇಳುವ "ಸುಮ್ಮನಿರುವುದು" ಅದೇ ಇರಬಹುದು.

ದಡ್ ಅನ್ನುವುದನ್ನು ಬೇರೆಯಾಗಿ ನೋಡಿ. ಇದು ಹಿಂದಿನ ಚಕ್ರ ಎಳೆಯುವ ಗಾಡಿ. ಡಬ್ಬದಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ಸವೆದಿದ್ದರೂ ಗೇರ್ ಹಾಕಿದಾಗ ಶಬ್ದ ಬರುತ್ತದೆ. ತಡ ಇಲ್ಲದೆ ಬರೀ ದಡ್ ಅಂದರೆ ಮೊದಲು ಕ್ರಾಸ್ ನೋಡಿಸಿ, ಅದು ಸಣ್ಣ ಖರ್ಚು. ತಡವಾಗಿ, ಆಮೇಲೆ ದಡ್ ಅಂದರೆ ನನ್ನ ಅನುಮಾನ ಡಬ್ಬದ ಮೇಲೇ.

ನಡುಕಕ್ಕೆ ಒಂದು ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಮಾಡಿ. ನಡುಕ ಬರುತ್ತಿರುವಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕನ್ನು ಬರೀ ಮುಟ್ಟಿ, ಹಿಂದಿನ ಲೈಟ್ ಹತ್ತುವಷ್ಟು ಮಾತ್ರ. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಡಬ್ಬಕ್ಕೆ ದಾಟಿಸುವುದು ಟಾರ್ಕ್ ಕನ್ವರ್ಟರ್. ಒಂದು ವೇಗದ ಮೇಲೆ ಅದರೊಳಗಿನ ಲಾಕಪ್ ಕ್ಲಚ್ ಕಚ್ಚಿಕೊಂಡಿರುತ್ತದೆ, ಬ್ರೇಕ್ ಸಿಗ್ನಲ್ ಸಿಕ್ಕ ತಕ್ಷಣ ಬಿಡುತ್ತದೆ. ಆ ಕ್ಷಣವೇ ನಡುಕ ನಿಂತರೆ ಆ ಕ್ಲಚ್ ಜಾರುತ್ತಿದೆ ಅಂತ. ನಿಲ್ಲದಿದ್ದರೆ ಟೈರ್, ಶಾಫ್ಟ್ ಕಡೆ ಹೋಗಿ. ಮೌಂಟ್ ಹೋಗಿದ್ದರೆ ಸಿಗ್ನಲ್‌ನಲ್ಲಿ ಡಿಗೆ (ಡ್ರೈವ್) ಹಾಕಿ ನಿಂತಾಗಲೂ ಸ್ಟೀರಿಂಗ್ ನಡುಗಬೇಕಲ್ವಾ?

ಮುಖ್ಯ ವಿಷಯ ಮರೆತೆ. ನೀವು ನೋಡಿದಾಗ ಎಂಜಿನ್ ತಣ್ಣಗಿತ್ತಾ?

ವಿಜಯನಗರದವ:
ಗೊತ್ತಿಲ್ಲ ಸರ್. ನಾನು ಹೋಗುವಷ್ಟರಲ್ಲಿ ಗಾಡಿ ಗೇಟಿನ ಹೊರಗೆ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದರು.

ಎರಡನೇ ಗೇರ್:
ಹಾಗಾದರೆ ನೀವು ಅರ್ಧ ಗಾಡಿ ನೋಡಿದ್ದೀರಿ. ಬೆಳಗ್ಗೆ ಏಳಕ್ಕೆ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಕಾಫಿ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ತಣ್ಣಗಿದ್ದರೆ ನೀವೇ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಹಾಕಿ ಎಣಿಸಿ. ಆರೋಗ್ಯವಾಗಿರುವ ಡಬ್ಬ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಹಿಡಿಯುತ್ತದೆ.

ಆಮೇಲೆ ಅದೇ ಗಾಡಿಯನ್ನು ಸಂಜೆ ಆರೂವರೆಗೆ ಗೊರಗುಂಟೆಪಾಳ್ಯ ಸಿಗ್ನಲ್‌ಗೆ ಕರೆದುಕೊಂಡು ಹೋಗಿ. ಮುಕ್ಕಾಲು ಗಂಟೆ ಅಂಬೆಗಾಲಿಟ್ಟ ಮೇಲೆ ಮತ್ತೆ ರಿವರ್ಸ್, ಡಿ ಹಾಕಿ ನೋಡಿ. ಕೆಲವು ರೋಗ ತಣ್ಣಗಿದ್ದಾಗ ಮಾತ್ರ ಕಾಣುತ್ತದೆ, ಕೆಲವು ಕಾದ ಮೇಲೆ. ಗೇರ್ ಬದಲಾಗುವ ಹೊತ್ತಿಗೆ ಆರ್‌ಪಿಎಂ ಸುಮ್ನೆ ಮೇಲೆ ಹಾರಿ ಗಾಡಿ ಮುಂದೆ ಹೋಗದಿದ್ದರೆ ಅಲ್ಲಿಗೇ ಮಾತು ಮುಗಿಸಿ.

ಹಳೇ ಡ್ರೈವರ್:
ಈ ಡಬ್ಬಕ್ಕೆ ಆಯಿಲ್ ಎಷ್ಟಿದೆ ಅಂತ ಎಳೆದು ನೋಡುವ ಡಿಪ್‌ಸ್ಟಿಕ್ ಇಲ್ಲ, ಕೆಳಗಿನಿಂದ ಪ್ಲಗ್ ಬಿಚ್ಚಬೇಕು. ಲಿಫ್ಟ್ ಇರುವ ಗ್ಯಾರೇಜ್‌ಗೆ ಒಯ್ಯಿರಿ. ಆಯಿಲ್ ಕೆಂಪಗಿದ್ದರೆ ಖುಷಿ. ಕಂದು ಬಣ್ಣ, ಸೀದ ವಾಸನೆ ಅಂದರೆ ಒಳಗೆ ಸುಟ್ಟಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ತರಹ ಕಂಡರೆ ಕೂಲೆಂಟ್ ಸೇರಿದೆ, ಓಡಿಬನ್ನಿ. ಒಂದು ಲಕ್ಷದವರೆಗೆ ಬದಲಾಯಿಸದ ಆಯಿಲನ್ನು ಈಗ ಬದಲಾಯಿಸಿದರೆ ಡಬ್ಬ ಸತ್ತುಹೋಗುತ್ತದೆ ಅನ್ನುತ್ತಾರಲ್ಲ, ಅದು ನಿಜವಾ?

ಎರಡನೇ ಗೇರ್:
ಅಣ್ಣಾ, ಹಾಗೆ ಸಾಯುವ ಡಬ್ಬ ಸಾಮಾನ್ಯವಾಗಿ ಮೊದಲೇ ಸವೆದಿರುತ್ತದೆ. ಹೊಸ ಆಯಿಲ್ ಹಾಕಿದ್ದಕ್ಕೆ ಅದರ ಮೇಲೆ ಅಪವಾದ. ಆದರೆ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿಸುವುದು ನನಗೂ ಇಷ್ಟವಿಲ್ಲ. ಪ್ಲಗ್ ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ಹಾಕುವುದು ವಾಸಿ. ಕನ್ವರ್ಟರ್ ಒಳಗಿನದು ಇಳಿಯುವುದಿಲ್ಲ, ಹಾಗಾಗಿ ಸ್ವಲ್ಪ ಓಡಿಸಿ ಎರಡು ಮೂರು ಸಲ ಮಾಡಬೇಕು. ಟೊಯೊಟಾ ಡಬ್ಲ್ಯುಎಸ್ ಅಂತ ಬರೆದಿರುವುದೇ ಹಾಕಿಸಿ. ಜೆ.ಸಿ. ರಸ್ತೆಯಲ್ಲಿ "ಎಲ್ಲಕ್ಕೂ ಆಗುತ್ತೆ" ಅಂತ ಕೊಡುವ ಡಬ್ಬಿ ಬೇಡ.

ವಿಜಯನಗರದವ (ಒಂಬತ್ತು ದಿನದ ನಂತರ):
ಮೊದಲ ಸಲ ಹೋದಾಗ ಬಾನೆಟ್ ಬಿಸಿ! ಕಾಫಿ ಕುಡಿದು ವಾಪಸ್ ಬಂದೆ. ಎರಡನೇ ಸಲ ಹೇಳದೆ ಹೋದೆ. ತಣ್ಣಗಿತ್ತು. ರಿವರ್ಸ್ ಹಿಡಿಯಲು ಪೂರ್ತಿ ಮೂರು ಸೆಕೆಂಡ್. ಬ್ರೇಕ್ ಮುಟ್ಟಿದ ತಕ್ಷಣ ನಡುಕ ಮಾಯ, ಬಿಟ್ಟರೆ ಮತ್ತೆ ಶುರು. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಅದೇ.

ಗ್ಯಾರೇಜ್‌ನಲ್ಲಿ ಎತ್ತಿ ನೋಡಿದರೆ ಡಬ್ಬದ ಆಯಿಲ್ ತಣಿಸುವ ಕೂಲರ್‌ಗೆ ಹೋಗುವ ಹೋಸ್ ಹತ್ತಿರ ಒದ್ದೆ, ಆಯಿಲ್ ಕಡಿಮೆ. ಕ್ಲಿಪ್ ಹಾಕಿ ಆಯಿಲ್ ತುಂಬಿಸಿದ ಮೇಲೆ ತಡ ಪೂರ್ತಿ ಹೋಯಿತು. ನಡುಕ ಹೋಗಲಿಲ್ಲ. ಇಳಿದ ನಾಲ್ಕು ಹನಿ ಟಿಶ್ಯೂ ಮೇಲೆ ಹಾಕಿದರೆ ಫಿಲ್ಟರ್ ಕಾಫಿ ಬಣ್ಣ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಏನೂ ಇರಲಿಲ್ಲ. ಇಷ್ಟಿದ್ದರೂ ಗಾಡಿ ಬಿಡಲು ಮನಸ್ಸಿಲ್ಲ, ಆ ಬಣ್ಣ ಅಪ್ಪನಿಗೆ ಹಿಡಿಸಿಬಿಟ್ಟಿದೆ.

ಎರಡನೇ ಗೇರ್:
ಕೋಡ್ ಇಲ್ಲ ಅಂದರೆ ರೋಗ ಇಲ್ಲ ಅಂತ ಅಲ್ಲ. ಹಿಂದಿನ ದಿನ ಅಳಿಸಿರಬಹುದು. ಅಗ್ಗದ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದಿ, ಗೇರ್‌ಬಾಕ್ಸ್‌ನದ್ದನ್ನು ಬಿಟ್ಟಿರಲೂಬಹುದು. ಹೊಸ ಆಯಿಲ್‌ನಿಂದ ಈ ನಡುಕ ಹೋಗುವುದೂ ಉಂಟು. ಆದರೆ ಆ ಜೂಜಿನ ದುಡ್ಡು ಓನರ್ ಹಾಕಲಿ. ಅವರು ಆಯಿಲ್ ಬದಲಾಯಿಸಿ, 500 ಕಿ.ಮೀ. ಓಡಿಸಿ, ನಡುಕ ಹೋದ ಮೇಲೆ ಕರೆಯಲಿ. ಒಪ್ಪದಿದ್ದರೆ ಕನ್ವರ್ಟರ್ ರಿಪೇರಿಗೆ ಎಷ್ಟಾಗುತ್ತದೆ ಅಂತ ಗ್ಯಾರೇಜ್‌ನಲ್ಲಿ ಬರೆಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಕಡಿಮೆ ಕೇಳಿ.

ವಿಜಯನಗರದವ:
ಎರಡೂ ಕೇಳಿದೆ, ಎರಡಕ್ಕೂ ಒಪ್ಪಲಿಲ್ಲ. ಬಿಟ್ಟೆ. ಈಗ ಬನಶಂಕರಿಯಲ್ಲಿ 2019ರ ಎರ್ಟಿಗಾ ಪೆಟ್ರೋಲ್ ಆಟೊಮ್ಯಾಟಿಕ್ ಒಂದಿದೆ, ಮೊದಲ ಓನರ್. ನಾಲ್ಕೇ ಗೇರ್ ಅಂತ ಎಲ್ಲರೂ ಮೂಗು ಮುರಿಯುತ್ತಾರೆ.

ಎರಡನೇ ಗೇರ್:
ಅದೂ ಟಾರ್ಕ್ ಕನ್ವರ್ಟರ್, ಹಳೆಯ ಕಾಲದ ಸರಳ ಡಬ್ಬ. ಹೈವೇಯಲ್ಲಿ 100 ದಾಟಿದರೆ ಎಂಜಿನ್ ಕೂಗುತ್ತದೆ, ಓವರ್‌ಟೇಕ್‌ಗೆ ತಾಳ್ಮೆ ಬೇಕು. 6 ಗೇರ್ ಬಂದದ್ದು 2022ರಲ್ಲಿ. ಅಪ್ಪ ವಿಜಯನಗರದಿಂದ ಮಲ್ಲೇಶ್ವರಕ್ಕೆ ಹೋಗಿಬರುವುದಕ್ಕೆ ನಾಲ್ಕು ಧಾರಾಳ ಸಾಕು. ಶನಿವಾರ ಬೆಳಗ್ಗೆ ಆದರೆ ನಾನೂ ಬರುತ್ತೇನೆ, ಕತ್ರಿಗುಪ್ಪೆಯಲ್ಲೇ ಇರುವುದು. ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಶುಕ್ರವಾರ ರಾತ್ರಿಯೇ ಹೇಳಿಡಿ.