ಅಪ್‌ಡೇಟ್: ಮಗಳ ಬ್ರೋಷರ್ ಸ್ಪರ್ಧೆ ಏನಾಯ್ತು?

ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಹಕ್ಕುಗಳ ಮಸೂದೆ ಮೂರನ್ನೂ ಮೂರು ಮಡಿಕೆಯ ಒಂದೇ ಹಾಳೆಯಲ್ಲಿ ಹೇಗೆ ಹಿಡಿಸೋದು ಅಂತ ಕೇಳಿದ್ದೆ, ಅಲ್ವಾ? "ಇಸವಿಗಳ ಪಟ್ಟಿ ಬೇಡ, ಒಂದೇ ಪ್ರಶ್ನೆ ಹಿಡಿದು ಹೋಗಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಮಗಳು ಹಿಡಿದ ಪ್ರಶ್ನೆ: ಇದರಲ್ಲಿ ಯಾರನ್ನು ಬಿಟ್ಟಿದ್ದಾರೆ? ಮುಂದಿನ ಮಡಿಕೆ ಮೇಲೆ ಎಲ್ಲರೂ ಸಮಾನರು ಎನ್ನುವ 1776ರ ಸ್ವಾತಂತ್ರ್ಯ ಘೋಷಣೆಯ ಮಾತು. ಅದನ್ನು ತೆರೆದರೆ ಒಳಗೆ 1787ರ ಸಂವಿಧಾನದ ಲೆಕ್ಕ: ಪ್ರತಿನಿಧಿ ಸಭೆಯ ಸೀಟು ಹಂಚುವಾಗ ಐವರು ಗುಲಾಮರು ಮೂವರು ಸ್ವತಂತ್ರರಿಗೆ ಸಮ. ಪಕ್ಕದಲ್ಲೇ ಗುಲಾಮಗಿರಿ ತೆಗೆದ 1865ರ ತಿದ್ದುಪಡಿ, ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದು ಎಂದ 1920ರ ತಿದ್ದುಪಡಿ. ಕಾಗದ ಮಡಚಿದ್ದೇ ಅರ್ಧ ಕೆಲಸ ಮಾಡಿತು ಅನ್ನಿ.

ತೀರ್ಪುಗಾರರಿಗೆ ಜಾಸ್ತಿ ಹಿಡಿಸಿದ್ದು ಹಿಂಬದಿಯ ಪುಟ್ಟ ಚೌಕ. 1789ರಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ರಾಜ್ಯಗಳ ಒಪ್ಪಿಗೆಗೆ ಕಳಿಸಿದ ತಿದ್ದುಪಡಿಗಳು 12. ರಾಜ್ಯಗಳು 1791ರ ಹೊತ್ತಿಗೆ ಒಪ್ಪಿದ್ದು 10, ಅದೇ ಹಕ್ಕುಗಳ ಮಸೂದೆ. ಉಳಿದೆರಡರಲ್ಲಿ ಒಂದು, ಕಾಂಗ್ರೆಸ್ ಸದಸ್ಯರ ಸಂಬಳದ್ದು, 1992ರಲ್ಲಿ 27ನೇ ತಿದ್ದುಪಡಿಯಾಗಿ ಪಾಸಾಯಿತು. ಇನ್ನೂರು ವರ್ಷ ಸುಮ್ನೆ ಕೂತಿತ್ತು! ನನಗಂತೂ ಇದು ಗೊತ್ತೇ ಇರಲಿಲ್ಲ.

ಎರಡನೇ ಬಹುಮಾನ ಬಂತು. ಮೊದಲನೆಯದು ಪಡೆದ ಬ್ರೋಷರ್ ನೋಡಿದೆ, ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು, ತಕರಾರಿಲ್ಲ. ಮಗಳ ಬ್ರೋಷರ್‌ನಲ್ಲಿ ಅಕ್ಷರ ತೀರಾ ಚಿಕ್ಕದಾಯಿತು ಅಂತ ತೀರ್ಪುಗಾರರು ಬರೆದಿದ್ದಾರೆ. ದೊಡ್ಡದು ಮಾಡಿದರೆ ಆ ಚೌಕಕ್ಕೆ ಜಾಗವಿಲ್ಲ. ಅದನ್ನು ಮಾತ್ರ ತೆಗೆಯಲ್ಲ ಅಂತ ಇವಳ ಹಟ.