ಬಾಲ್ಕನಿ ಕ್ಯಾಬಿನ್ ಬುಕ್ ಆಗಿದೆ, ಮಾವನವರು ಸಿಗರೇಟು ಸೇದ್ತಾರೆ: ಕ್ರೂಸ್ ಹಡಗಲ್ಲಿ ನಿಯಮ ಏನು?

ಮೂಡಿಗೆರೆ_ತೋಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿಸಿಕೊಂಡು ಮನೆಯವರೆಲ್ಲ ಸಿಂಗಾಪುರದಿಂದ ಹೊರಡೋ ಕ್ರೂಸ್‌ಗೆ ಹೋಗ್ತಿದ್ದೀವಿ. ರಾಯಲ್ ಕೆರಿಬಿಯನ್ ಹಡಗು, ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್. ಮಾವನವರು ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದ್ತಾರೆ, ಮಧ್ಯೆ ಬೀಡಿನೂ ಬೇಕು. ಅವರಿಗೋಸ್ಕರವೇ ಜಾಸ್ತಿ ದುಡ್ಡು ಕೊಟ್ಟು ಬಾಲ್ಕನಿ ಕ್ಯಾಬಿನ್ ತಗೊಂಡಿದ್ದು. "ಬಾಲ್ಕನಿ ನಿಮ್ಮದೇ ಅಲ್ವಾ, ಯಾರು ಕೇಳ್ತಾರೆ" ಅಂತ ಬುಕಿಂಗ್ ಏಜೆಂಟ್ ಹೇಳಿದ್ರು. ಈಗ ಅನುಮಾನ ಬಂದಿದೆ. ಪಕ್ಕದ ಕ್ಯಾಬಿನ್‌ನಲ್ಲಿ ನಾದಿನಿ ಇರ್ತಾರೆ, ಅವರಿಗೆ ಉಬ್ಬಸ. ಅತ್ತೆಯವರು ಬೆಳಿಗ್ಗೆ ದೇವರ ಫೋಟೋಗೆ ಊದುಬತ್ತಿ ಹಚ್ಚದೆ ಕಾಫಿ ಕುಡಿಯಲ್ಲ, ಅದಕ್ಕೆ ಏನಾದ್ರೂ ತೊಂದರೆ ಇದೆಯಾ? ಮಾವನವರ ಮನಸ್ಸಿಗೂ ನೋವಾಗಬಾರದು, ಬೇರೆಯವರಿಗೂ ತೊಂದರೆ ಆಗಬಾರದು. ಗೊತ್ತಿರೋರು ವಿವರವಾಗಿ ಹೇಳಿ.

ಹೇಮಾವತಿ_ದಡ:

ಏಜೆಂಟ್ ಹೇಳಿದ್ದು ತಪ್ಪು. ಆ ಕಂಪನಿಯ ಹಡಗುಗಳಲ್ಲಿ ಕ್ಯಾಬಿನ್ ಒಳಗೂ ಸೇದುವಂತಿಲ್ಲ, ಬಾಲ್ಕನಿಯಲ್ಲೂ ಸೇದುವಂತಿಲ್ಲ. ಬಾಲ್ಕನಿಯ ನಿಷೇಧ 2014ರ ಜನವರಿಯಿಂದಲೇ ಇದೆ. ಸಿಕ್ಕಿಬಿದ್ದರೆ 250 ಡಾಲರ್ ಶುಚಿಗೊಳಿಸುವ ಶುಲ್ಕ ನೇರವಾಗಿ ನಿಮ್ಮ ಹಡಗಿನ ಖಾತೆಗೆ ಬೀಳುತ್ತೆ, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ದಾಟಿತು. ಕಾರ್ನಿವಲ್ ಅನ್ನೋ ಇನ್ನೊಂದು ಕಂಪನಿಯ ಹಡಗುಗಳಲ್ಲಿ ಇದೇ ತಪ್ಪಿಗೆ 500 ಡಾಲರ್. ಯಾರಿಗೂ ಗೊತ್ತಾಗಲ್ಲ ಅನ್ನೋ ಧೈರ್ಯ ಬೇಡ. ಕ್ಯಾಬಿನ್ ಗುಡಿಸಿ ಹಾಸಿಗೆ ಸರಿಮಾಡುವವರು ದಿನಾ ಒಳಗೆ ಬರ್ತಾರೆ. ರೇಲಿಂಗ್ ಬುಡದ ಬೂದಿ, ಪರದೆಗೆ ಹಿಡಿದ ವಾಸನೆ ಅವರ ಕಣ್ಣಿಗೆ, ಮೂಗಿಗೆ ಬಿದ್ದೇ ಬೀಳುತ್ತೆ. ಅದನ್ನು ವರದಿ ಮಾಡುವುದು ಅವರ ಕೆಲಸ.

ನಿಯಮ ಇಷ್ಟು ಬಿಗಿಯಾಗಲು ಕಾರಣ ವಾಸನೆ ಮಾತ್ರ ಅಲ್ಲ, ಬೆಂಕಿ. 2006ರ ಮಾರ್ಚ್ 23ರ ನಸುಕಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗು ಜಮೈಕಾ ಕಡೆ ಹೋಗ್ತಿದ್ದಾಗ ಒಂದು ಬಾಲ್ಕನಿಗೆ ಬೆಂಕಿ ಹತ್ತಿತು. ಆರದೆ ಬಿಸಾಕಿದ ಸಿಗರೇಟು ತುಂಡೇ ಕಾರಣ ಇರಬಹುದು ಅಂತ ಬ್ರಿಟನ್ನಿನ ತನಿಖಾ ಸಂಸ್ಥೆ ತೀರ್ಮಾನಿಸಿತು. ಬಾಲ್ಕನಿಗಳ ನಡುವಿನ ಅಡ್ಡತಡೆ ಪಾಲಿಕಾರ್ಬೊನೇಟ್, ಕುರ್ಚಿ ಮೇಜು ಪ್ಲಾಸ್ಟಿಕ್, ನೆಲದ ಹಾಸು ಪಾಲಿಯುರೆಥೇನ್. ಚಲಿಸುವ ಹಡಗಿನ ಗಾಳಿ ಊದುಗೊಳವೆಯಲ್ಲಿ ಊದಿದ ಹಾಗೆ ಬೆಂಕಿಯನ್ನು ಎಬ್ಬಿಸಿತು. 24 ನಿಮಿಷದಲ್ಲಿ 5 ಡೆಕ್‌ಗಳಿಗೆ, ಅಂದರೆ ಹಡಗಿನ ಮಹಡಿಗಳಿಗೆ, ಹರಡಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, 79 ಕ್ಯಾಬಿನ್ ಪೂರ್ತಿ ಹಾಳಾದವು. ಬಾಲ್ಕನಿ ಅಂದರೆ ಹೊರಗಿನ ಜಾಗ ಅಂತ ಆಗ ಅಲ್ಲಿ ಬೆಂಕಿಯ ಸೂಚಕವೂ ಇರಲಿಲ್ಲ, ನೀರು ಚಿಮ್ಮುವ ವ್ಯವಸ್ಥೆಯೂ ಇರಲಿಲ್ಲ. ಇದಾದ ಮೇಲೆ ಅಂತರರಾಷ್ಟ್ರೀಯ ಸುರಕ್ಷತಾ ನಿಯಮವನ್ನೇ ಬದಲಿಸಿ, 2008ರ ಜುಲೈ 1ರಿಂದ ಬಾಲ್ಕನಿ ಸಾಮಾನಿನ ಮೇಲೆ ಕಟ್ಟುಪಾಡು ತಂದರು.

ತುಂಡನ್ನು ಸಮುದ್ರಕ್ಕೆ ಎಸೆದರೆ ಏನು ಮಹಾ ಅಂತ ಬಹಳ ಜನ ಕೇಳ್ತಾರೆ. ಹಡಗು 20 ನಾಟ್ ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ಓಡ್ತಿರುತ್ತೆ. ರೇಲಿಂಗ್ ಆಚೆ ಬಿಟ್ಟ ತುಂಡು ಯಾವಾಗಲೂ ನೀರಿಗೇ ಬೀಳುತ್ತೆ ಅಂತ ಇಲ್ಲ. ಹಡಗಿನ ಮೈಗೆ ಅಪ್ಪಳಿಸಿ ಸುತ್ತುವ ಗಾಳಿ ಅದನ್ನು ಹಿಂದಕ್ಕೆ ಎಳೆದು ಕೆಳಗಿನ ಯಾರದೋ ಬಾಲ್ಕನಿಯ ಒಣ ಟವೆಲ್ ಮೇಲೆ, ಇಲ್ಲವೇ ಹಡಗು ಕಟ್ಟುವ ಹಗ್ಗಗಳಿರುವ ತೆರೆದ ಡೆಕ್ ಮೇಲೆ ಹಾಕಬಹುದು. ಆ ಹಗ್ಗ ಸಿಂಥೆಟಿಕ್. ನೀರಿಗೇ ಬಿದ್ದರೂ ಫಿಲ್ಟರ್ ಒಂದು ಬಗೆಯ ಪ್ಲಾಸ್ಟಿಕ್, ಹಡಗಿನಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅಪರಾಧ.

ಹಾಗಾದರೆ ಎಲ್ಲಿ? ತೆರೆದ ಡೆಕ್‌ನಲ್ಲಿ ಒಂದು ಪಕ್ಕವನ್ನು ಸೇದುವವರಿಗೆ ಗುರುತು ಮಾಡಿರ್ತಾರೆ. ನಿಮ್ಮ ಕಂಪನಿಯ ಬಹುತೇಕ ಹಡಗುಗಳಲ್ಲಿ ಅದು ಸ್ಟಾರ್‌ಬೋರ್ಡ್ ಪಕ್ಕ, ಅಂದರೆ ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ. ಆದರೂ ಹತ್ತಿದ ದಿನವೇ ಕಂಪನಿಯ ಆಪ್‌ನಲ್ಲಿರುವ ಡೆಕ್ ನಕ್ಷೆ ನೋಡಿ, ಬೂದಿ ಡಬ್ಬ ಇರುವ ಜಾಗವನ್ನು ಮಾವನವರಿಗೆ ಖುದ್ದಾಗಿ ತೋರಿಸಿಬಿಡಿ. ಡಬ್ಬ ಇದ್ದ ಮಾತ್ರಕ್ಕೆ ಅದು ಸೇದುವ ಜಾಗ ಅಲ್ಲ, ಬಾಗಿಲ ಪಕ್ಕ ಆರಿಸಿ ಒಳಗೆ ಬನ್ನಿ ಅಂತಲೂ ಇಟ್ಟಿರ್ತಾರೆ. ಫಲಕ ಓದಬೇಕು. ಊಟದ ಜಾಗ, ಥಿಯೇಟರ್, ಮಕ್ಕಳ ಕೊಳದ ಸುತ್ತ, ಓಟದ ಹಾದಿ, ಲಿಫ್ಟ್, ಕಾರಿಡಾರ್ ಎಲ್ಲೂ ಇಲ್ಲ. ಕ್ಯಾಸಿನೊದ ಒಂದು ಭಾಗದಲ್ಲಿ ಕೆಲವು ಹಡಗುಗಳು ಬಿಡುತ್ತವೆ.

ಕೆಮ್ಮಣ್ಣುಗುಂಡಿ_ಮಂಜು:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಂದರಿನಲ್ಲಿ ಹಡಗು ಇಂಧನ ತುಂಬಿಸಿಕೊಳ್ಳುವಾಗ ತೆರೆದ ಡೆಕ್‌ನ ಸೇದುವ ಜಾಗವನ್ನೂ ಮುಚ್ಚಬಹುದು. ಹಗಲಲ್ಲಿ ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಹಾಕಿರ್ತಾರೆ, ಮೈಕ್‌ನಲ್ಲೂ ಹೇಳ್ತಾರೆ. ಆ ಹೊತ್ತಲ್ಲಿ "ನಿನ್ನೆ ಇಲ್ಲೇ ಸೇದಿದ್ದೆ" ಅಂತ ವಾದ ಮಾಡಬಾರದು. ಹತ್ತಿದ ದಿನದ ಸುರಕ್ಷತಾ ಅಭ್ಯಾಸದಲ್ಲಿ, ದಡಕ್ಕೆ ಕರೆದೊಯ್ಯುವ ಸಣ್ಣ ದೋಣಿಯಲ್ಲಿ ಕೂಡ ಸೇದುವ ಹಾಗಿಲ್ಲ.

ನಾದಿನಿಯವರ ವಿಷಯ ನನಗೆ ಹೆಚ್ಚು ಮುಖ್ಯ ಅನ್ನಿಸ್ತು. ಹಡಗು ಮುಂದೆ ಹೋಗುವಾಗ ಹೊಗೆ ಹಿಂದಕ್ಕೆ ಹೋಗುತ್ತೆ. ಹಾಗಾಗಿ ಸೇದುವ ಜಾಗಕ್ಕಿಂತ ಹಿಂದೆ, ಅದೇ ಪಕ್ಕದಲ್ಲಿ, ಒಂದೆರಡು ಡೆಕ್ ಕೆಳಗಿರುವ ಬಾಲ್ಕನಿಗಳಿಗೆ ಹೊಗೆ ಬಡಿಯುತ್ತೆ. ಡೆಕ್ ನಕ್ಷೆ ಮುಂದಿಟ್ಟುಕೊಂಡು ನಿಮ್ಮ ಕ್ಯಾಬಿನ್ ನಂಬರ್ ಎಲ್ಲಿ ಬರುತ್ತೆ ನೋಡಿ. ಬಲಪಕ್ಕದ ಹಿಂಭಾಗದಲ್ಲಿದ್ದರೆ ಎಡಪಕ್ಕಕ್ಕೆ ಬದಲಿಸಿಕೊಡಿ ಅಂತ ಈಗಲೇ ಕೇಳಿ. ಹೊರಡುವ ದಿನ ಹತ್ತಿರ ಬಂದ ಮೇಲೆ ಖಾಲಿ ಸಿಗುವುದು ಕಷ್ಟ. ಬಾಲ್ಕನಿ ಬಾಗಿಲು ತೆರೆದೇ ಇಟ್ಟರೆ ಏಸಿ ಗಾಳಿಯ ಒತ್ತಡ ಏರುಪೇರಾಗಿ ಹೊರಗಿನ ಹೊಗೆ ಒಳಗೆ ನುಗ್ಗುತ್ತೆ, ಮುಚ್ಚಿಟ್ಟುಕೊಳ್ಳಲಿ.

ಅಕ್ಕಪಕ್ಕದವರು ಕದ್ದು ಸೇದಿದರೆ ಬಾಗಿಲು ಬಡಿದು ಜಗಳಕ್ಕೆ ಹೋಗಬೇಡಿ. ಹೊಗೆ ಬರ್ತಿರುವಾಗಲೇ ಕ್ಯಾಬಿನ್ ಫೋನಿಂದ ಸ್ವಾಗತ ಕೌಂಟರ್‌ಗೆ ಕರೆ ಮಾಡಿ, ಹೊತ್ತು, ಡೆಕ್, ಯಾವ ಕಡೆಯಿಂದ ಬರ್ತಿದೆ ಅಂತ ಹೇಳಿ. ಮಾರನೇ ದಿನ ಬೆಳಿಗ್ಗೆ ಹೇಳಿದರೆ ಭದ್ರತೆಯವರಿಗೆ ಹಿಡಿಯಲು ಏನೂ ಸಿಗಲ್ಲ.

ಮೂಡಿಗೆರೆ_ತೋಟ:

ತುಂಬಾ ಥ್ಯಾಂಕ್ಸ್. ಹಾಗಾದ್ರೆ ಬಾಲ್ಕನಿಗೆ ಕೊಟ್ಟ ದುಡ್ಡು ದಂಡವಾ? ಊದುಬತ್ತಿ ಬಗ್ಗೆ ಯಾರೂ ಹೇಳಲಿಲ್ಲ. ಬೀಡಿ ಕಟ್ಟು ಇಲ್ಲಿಂದಲೇ ತಗೊಂಡು ಹೋಗಬಹುದಾ?

ಹೇಮಾವತಿ_ದಡ:

ಸೇದುವುದಕ್ಕೆ ಅಂತ ಮಾತ್ರ ತಗೊಂಡಿದ್ದರೆ ಕಿಟಕಿ ಇರುವ ಕ್ಯಾಬಿನ್‌ಗೆ ಇಳಿಸಿ. ಸೇದುವ ಡೆಕ್‌ಗೆ ಹೋಗುವ ಲಿಫ್ಟ್ ಪಕ್ಕದಲ್ಲೇ ಸಿಕ್ಕರೆ ವಯಸ್ಸಾದವರಿಗೆ ಬಾಲ್ಕನಿಗಿಂತ ಅದೇ ಅನುಕೂಲ. ಮಧ್ಯರಾತ್ರಿ ಎದ್ದು ಉದ್ದ ಕಾರಿಡಾರ್ ನಡೆಯಬೇಕಾದಾಗಲೇ "ಒಂದೇ ಒಂದು, ಬಾತ್‌ರೂಮಲ್ಲಿ" ಅನ್ನೋ ಆಸೆ ಹುಟ್ಟುವುದು. ಬಾತ್‌ರೂಮಿನ ಹೊಗೆ ಕ್ಯಾಬಿನ್‌ಗೆ ಬಂದು ಸೂಚಕ ಕೂಗುತ್ತೆ. ಸೂಚಕಕ್ಕೆ ಪ್ಲಾಸ್ಟಿಕ್ ಟೋಪಿ ಮುಚ್ಚುವುದು ಅದಕ್ಕಿಂತ ದೊಡ್ಡ ತಪ್ಪು, ಇಡೀ ಡೆಕ್‌ನವರ ಜೀವಕ್ಕೆ ಅಪಾಯ.

ಊದುಬತ್ತಿ, ಮೇಣದ ಬತ್ತಿ ಹಡಗಿಗೆ ತರಬಾರದ ವಸ್ತುಗಳ ಪಟ್ಟಿಯಲ್ಲೇ ಇವೆ. ಕರ್ಪೂರ, ಎಣ್ಣೆ ದೀಪದಲ್ಲೂ ಬೆಂಕಿಯೇ ಇರುವುದರಿಂದ ಅವೂ ಬೇಡ. ಬ್ಯಾಗ್ ಸ್ಕ್ಯಾನ್‌ನಲ್ಲಿ ಕಂಡರೆ ತೆಗೆದಿಟ್ಟುಕೊಳ್ತಾರೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಕೂಡ ಮನೆಯಲ್ಲೇ ಬಿಡಿ. ಅತ್ತೆಯವರಿಗೆ ಬ್ಯಾಟರಿ ದೀಪ ಕೊಡಿ, ಹೂವು ಏರಿಸಿ ಕೈ ಮುಗಿಯಲು ಯಾರ ಅಡ್ಡಿಯೂ ಇಲ್ಲ.

ರಾಮನಾಥಪುರ_ಹೊಗೆಸೊಪ್ಪು:

ಬೀಡಿ ವಿಚಾರದಲ್ಲಿ ಹುಷಾರು. ಸಿಂಗಾಪುರದಲ್ಲಿ ಸಿಗರೇಟಿಗೆ ಸುಂಕದ ವಿನಾಯಿತಿಯೇ ಇಲ್ಲ, ಬೀಡಿಗೂ ಸುಂಕ ಇದೆ. ಒಯ್ಯುವುದಾದರೆ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಕೆಂಪು ಚಾನೆಲ್‌ಗೆ ಹೋಗಿ ಘೋಷಿಸಿ, ಸುಂಕ ಕಟ್ಟಿ, ರಸೀದಿ ಕೊನೆವರೆಗೂ ಜೇಬಲ್ಲಿಟ್ಟುಕೊಳ್ಳಿ. ಅಷ್ಟು ತಲೆನೋವು ಬೇಡ ಅಂದ್ರೆ ಹಡಗಿನ ಅಂಗಡಿಯಲ್ಲೇ ಸಿಗರೇಟು ಕೊಳ್ಳಿ, ಹಡಗು ಬಂದರು ಬಿಟ್ಟ ಮೇಲೆ ಅಂಗಡಿ ತೆಗೀತಾರೆ. ಉಳಿದದ್ದನ್ನು ವಾಪಸ್ ಸಿಂಗಾಪುರಕ್ಕೆ ಇಳಿಸಿದರೆ ಮತ್ತೆ ಅದೇ ಸುಂಕ, ಬೇಕಾದಷ್ಟೇ ಕೊಳ್ಳಬೇಕು. ಭಾರತಕ್ಕೆ ಮರಳುವಾಗ ಸುಂಕವಿಲ್ಲದೆ ಒಬ್ಬರಿಗೆ 100 ಸಿಗರೇಟು.

ಎಲೆ ಅಡಿಕೆ ಚೀಲದ ಹೊಗೆಸೊಪ್ಪು, ಗುಟ್ಕಾ, ಜರ್ದಾ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಜಗಿಯುವ ತಂಬಾಕನ್ನು ಸಿಂಗಾಪುರಕ್ಕೆ ತರುವುದಕ್ಕೇ ನಿಷೇಧ, ಘೋಷಿಸಿದರೂ ನಡೆಯಲ್ಲ. ವೇಪ್ (ಇ-ಸಿಗರೇಟು) ಕೂಡ ಸಿಂಗಾಪುರ, ಥಾಯ್ಲೆಂಡ್ ಎರಡರಲ್ಲೂ ಅಪರಾಧ. ಹುಡುಗರ ಬ್ಯಾಗ್ ನೀವೇ ಒಮ್ಮೆ ನೋಡಿ. ಲೈಟರ್, ಬೆಂಕಿಪೊಟ್ಟಣ ಬೆಂಗಳೂರಿನ ವಿಮಾನಕ್ಕೆ ಹತ್ತಿಸಬೇಡಿ, ಅಲ್ಲೇ ಹೋಗಿ ಕೊಂಡರಾಯ್ತು.

ದಡಕ್ಕೆ ಇಳಿದಾಗಲೂ ನೆನಪಿರಲಿ: ಫುಕೆಟ್‌ನ ಪಟಾಂಗ್ ಸೇರಿ ಥಾಯ್ಲೆಂಡಿನ 24 ಬೀಚ್‌ಗಳಲ್ಲಿ 2018ರಿಂದ ಸಿಗರೇಟು ನಿಷೇಧ. ದಂಡ ಒಂದು ಲಕ್ಷ ಬಾತ್‌ವರೆಗೆ, ಜೈಲೂ ಆಗಬಹುದು. ಪೆನಾಂಗ್‌ನಲ್ಲಿ ಯಾವ ಹೋಟೆಲಿನ ಮೇಜಿನಲ್ಲೂ ಸೇದುವಂತಿಲ್ಲ, ರಸ್ತೆ ಬದಿ ಅಂಗಡಿಯಾದರೂ 3 ಮೀಟರ್ ದೂರ ನಿಲ್ಲಬೇಕು.

ಕಾಫಿನಾಡು_ಮೆಡಿಕಲ್ಸ್:

ವಿಮಾನದ ನಾಲ್ಕೂವರೆ ಗಂಟೆ, ಹಡಗಿನ ರಾತ್ರಿ, ಇವೆರಡಕ್ಕೆ ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ (ಪ್ಯಾಚ್) ಅಥವಾ ಚೀಪುವ ಗುಳಿಗೆ ಇಟ್ಟುಕೊಂಡರೆ ಮಾವನವರ ಸಿಡಿಮಿಡಿ ಬಹಳ ಕಡಿಮೆಯಾಗುತ್ತೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ನಿಕೋಟಿನ್ ಚ್ಯೂಯಿಂಗ್ ಗಮ್. ಆದರೆ ಸಿಂಗಾಪುರ 1992ರಿಂದ ಚ್ಯೂಯಿಂಗ್ ಗಮ್ ನಿಷೇಧಿಸಿದೆ, ಔಷಧದ ಗಮ್ ಕೂಡ ಅಲ್ಲಿ ಫಾರ್ಮಸಿಸ್ಟ್ ಮೂಲಕವೇ ಸಿಗುವುದು. ಗುಳಿಗೆ ಅಥವಾ ಪಟ್ಟಿಯನ್ನೇ ವೈದ್ಯರ ಚೀಟಿ ಸಮೇತ ಒಯ್ಯಿರಿ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಗುಳಿಗೆ 4 ಮಿಲಿಗ್ರಾಂ, ಅದಕ್ಕಿಂತ ತಡವಾಗಿ ಸೇದುವವರಿಗೆ 2. ಕಡಿಯಬಾರದು, ನುಂಗಬಾರದು. ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಆಗಾಗ ಪಕ್ಕ ಬದಲಿಸುತ್ತ ಕರಗಲು ಬಿಡಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ: ಅದಕ್ಕೆ ಹದಿನೈದು ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಾಗ ಕಾಫಿ ಕುಡಿಯಬಾರದು. ಕಾಫಿಯ ಆಮ್ಲಕ್ಕೆ ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳದೆ ಹೊಟ್ಟೆಗೆ ಹೋಗುತ್ತೆ. ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತೆ, ಚಪಲ ಹಾಗೇ ಉಳಿಯುತ್ತೆ.

ಸೇದಿ ಬಂದ ತಕ್ಷಣ ನಾದಿನಿಯವರ ಪಕ್ಕ ಕೂರುವುದೂ ಬೇಡ. ಬಟ್ಟೆಯಲ್ಲಿ, ಉಸಿರಲ್ಲಿ ಹೊಗೆ ಇನ್ನೂ ಇರುತ್ತೆ. ಮೇಲಂಗಿ ಒಂದನ್ನು ಅದಕ್ಕೇ ಮೀಸಲಿಟ್ಟು, ಕೈ ಬಾಯಿ ತೊಳೆದು, ಸ್ವಲ್ಪ ಹೊತ್ತು ಬಯಲಲ್ಲಿ ನಿಂತು ಒಳಗೆ ಬರಲಿ. ನಾದಿನಿಯವರ ಇನ್‌ಹೇಲರ್ ಲಗೇಜ್‌ನಲ್ಲಿ ಅಲ್ಲ, ಕೈಚೀಲದಲ್ಲಿ ಇರಬೇಕು. ದೊಡ್ಡ ಬ್ಯಾಗ್ ಕ್ಯಾಬಿನ್‌ಗೆ ಬರುವಷ್ಟರಲ್ಲಿ ಸಂಜೆಯಾಗಬಹುದು.